ಮನ್ನಾರ್ ಕೊಲ್ಲಿಯ ಇಪ್ಪತ್ತೊಂದು ದ್ವೀಪಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಾಮೇಶ್ವರ ಯಾತ್ರೆ ಮುಗಿಸಿ ಬಂದವರು, ಮಂಡಪಂಗೆ ಕಾಲೇಜಿನ ಪ್ರವಾಸ ಹೋಗಿಬಂದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಸುಮ್ಮನೆ ಕುತೂಹಲಕ್ಕೆ ಪತ್ರ ಬರೆಯುವವರು ಈ ದ್ವೀಪಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮರುಕಳಿಸುವಂಥವು. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಲಾಗಿದೆ. ಸುಲಭದವು ಮೊದಲು, ತೊಡಕಿನವು ಕೊನೆಗೆ.

## ಮೊದಲ ಪರಿಚಯ

ಪಂಬನ್ ಸೇತುವೆ ಮೇಲಿಂದ ಬಲಗಡೆ ದೂರದಲ್ಲಿ ಹಸಿರಾಗಿ ಕಾಣುತ್ತದಲ್ಲ, ಅದೇನು?

ಮಂಡಪಂ ಕಡೆಯಿಂದ ರಾಮೇಶ್ವರಕ್ಕೆ ಹೋಗುವಾಗ ಸೇತುವೆಯ ಎಡಕ್ಕಿರುವುದು ಪಾಕ್ ಕೊಲ್ಲಿ, ಬಲಕ್ಕಿರುವುದು ಮನ್ನಾರ್ ಕೊಲ್ಲಿ. ಬಲಗಡೆಯ ನೀರಿನಾಚೆ ಸೀರೆಯ ಅಂಚಿನಂತೆ ಕಾಣುವ ಹಸಿರು ಕುರುಸಡೈ ಮತ್ತು ಅದರ ನೆರೆಯ ದ್ವೀಪಗಳದು. ಇಲ್ಲಿಂದ ತೂತ್ತುಕುಡಿಯವರೆಗೆ, ಸುಮಾರು 140 ಕಿಲೋಮೀಟರ್ ಉದ್ದದ ಕರಾವಳಿಗೆ ಸಮಾನಾಂತರವಾಗಿ, ದಡದಿಂದ ಹತ್ತು ಕಿಲೋಮೀಟರ್ ಮೀರದ ದೂರದಲ್ಲಿ ಇಂಥ 21 ದ್ವೀಪಗಳನ್ನು ಗುರುತಿಸಲಾಗಿದೆ. ಮಂಡಪಂ, ಕೀಳಕ್ಕರೈ, ವೇಂಬಾರ್ ಮತ್ತು ತೂತ್ತುಕುಡಿ ಎಂದು ನಾಲ್ಕು ಗುಂಪುಗಳಾಗಿ ಅವುಗಳನ್ನು ವಿಂಗಡಿಸುತ್ತಾರೆ.

ಇವು ಎಷ್ಟು ಪುಟ್ಟವೆಂದರೆ ಎಲ್ಲವನ್ನೂ ಒಟ್ಟು ಮಾಡಿದರೂ ಆರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಎಲ್ಲಕ್ಕಿಂತ ದೊಡ್ಡದಾದ ಮುಯಲ್ ತೀವು 129 ಹೆಕ್ಟೇರ್, ಅಂದರೆ ನಮ್ಮ ಲಾಲ್‌ಬಾಗಿಗಿಂತ ಸ್ವಲ್ಪ ದೊಡ್ಡದು. ತಮಿಳಿನ ಮುಯಲ್ ಎಂದರೆ ನಮ್ಮ ಮೊಲವೇ.

ಇಪ್ಪತ್ತೊಂದು ಅಂತ ಬೋರ್ಡಿನಲ್ಲಿದೆ. ಉಪಗ್ರಹದ ಚಿತ್ರದಲ್ಲಿ ಎಣಿಸಿದರೆ ಹತ್ತೊಂಬತ್ತೇ ಸಿಗುತ್ತವೆ. ನಾನು ತಪ್ಪು ಎಣಿಸಿದೆನಾ?

ಎಣಿಕೆ ಸರಿಯಾಗಿದೆ. ತೂತ್ತುಕುಡಿ ಗುಂಪಿನ ವಿಲಂಗುಚಳ್ಳಿ ಮತ್ತು ಕೀಳಕ್ಕರೈ ಗುಂಪಿನ ಪೂವರಸನ್‌ಪಟ್ಟಿ ಈಗ ನೀರಿನ ಕೆಳಗಿವೆ. ಪೂವರಸು ಎಂದರೆ ನಾವು ಹೂವರಸಿ ಎನ್ನುವ ಮರ. ಹೆಸರಿನಲ್ಲಿ ಮರ ಉಳಿದಿದೆ, ಅದು ನಿಲ್ಲಲು ನೆಲ ಉಳಿದಿಲ್ಲ. ಕಾನೂನಿನ ಪಟ್ಟಿಯಲ್ಲಿ ಇಂದಿಗೂ ಸಂಖ್ಯೆ 21. ಅವು ಮುಳುಗಿದ್ದು ಹೇಗೆಂಬುದು ಮುಂದೆ ಬರುತ್ತದೆ.

ಕುಡಿಯುವ ನೀರಿಲ್ಲ ಅಂತ ಅಲ್ಲಿ ಜನ ಇಲ್ಲವಾ?

ಅದು ಒಂದು ಕಾರಣ ಮಾತ್ರ. ಮರಳು ಮತ್ತು ಹವಳದ ಚೂರುಗಳ ಈ ದಿಬ್ಬಗಳು ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರದಲ್ಲಿವೆ. ಇಂಥ ನೆಲದಲ್ಲಿ ಮಳೆಯ ನೀರು ಕೆಳಗಿಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ದ್ವೀಪ ಸಾಕಷ್ಟು ಅಗಲವಾಗಿದ್ದರೆ ಆ ಪದರ ಬೇಸಿಗೆಯವರೆಗೂ ಬಾಳುತ್ತದೆ, ಇಲ್ಲದಿದ್ದರೆ ಇಲ್ಲ. ವೇಂಬಾರ್ ಗುಂಪಿನ ಎರಡು ದ್ವೀಪಗಳ ಹೆಸರುಗಳೇ ಈ ಲೆಕ್ಕವನ್ನು ಹೇಳುತ್ತವೆ: ಒಂದು ನಲ್ಲತಣ್ಣಿ, ಇನ್ನೊಂದು ಉಪ್ಪುತಣ್ಣಿ. ಯಾವುದರ ಬಾವಿಯಲ್ಲಿ ಕೊಡ ಇಳಿಸಬಹುದು, ಯಾವುದರಲ್ಲಿ ಇಳಿಸಿ ಪ್ರಯೋಜನವಿಲ್ಲ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಮೀನುಗಾರರು ಬಲೆ ಒಣಗಿಸಲು, ಗಾಳಿ ಕೆಟ್ಟಾಗ ತಂಗಲು, ಸೌದೆ ತರಲು ದ್ವೀಪಗಳಿಗೆ ಇಳಿಯುತ್ತಿದ್ದರು. 1986ರ ನಂತರ ಕಾನೂನು ಅದಕ್ಕೂ ತಡೆಯೊಡ್ಡಿತು.

ರಾಮಸೇತುವೂ ಇದರಲ್ಲೇ ಸೇರಿದೆಯಾ?

ಸೇರಿಲ್ಲ. ರಾಮಸೇತು ಎಂದು ಕರೆಯುವ ಮರಳುದಿಬ್ಬಗಳ ಸಾಲು ಧನುಷ್ಕೋಡಿಯಿಂದ ಪೂರ್ವಕ್ಕೆ ಶ್ರೀಲಂಕಾದ ತಲೈಮನ್ನಾರ್‌ವರೆಗೆ ಹಬ್ಬಿದೆ. ಈ ದ್ವೀಪಗಳು ಪಂಬನ್‌ನಿಂದ ನೈಋತ್ಯಕ್ಕೆ, ಭಾರತದ ದಡವನ್ನು ಹಿಡಿದು ಸಾಗುತ್ತವೆ. ದಿಕ್ಕೇ ಬೇರೆ.

ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳೂ ಹೀಗೇ ಹುಟ್ಟಿದವಾ?

ಎರಡೂ ಜನವಸತಿಯಿಲ್ಲದ ಪುಟ್ಟ ದ್ವೀಪಗಳೆಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಮಲ್ಪೆಯ ಎದುರಿನ ದ್ವೀಪಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಕಂಬಗಳಂತೆ ಸೀಳಿದ ಗಟ್ಟಿ ಬಂಡೆಗಳು. ಅಲೆ ಎಷ್ಟು ಬಡಿದರೂ ಅವುಗಳಿಗೆ ಅವಸರದ ಅಪಾಯವಿಲ್ಲ.

ಮನ್ನಾರ್ ಕೊಲ್ಲಿಯ ದ್ವೀಪಗಳಿಗೆ ಅಂಥ ಬುನಾದಿಯಿಲ್ಲ. ಅವುಗಳ ಸುತ್ತ ನೀರಿನಡಿಯಲ್ಲಿ ಹವಳದ ದಂಡೆಯಿದೆ. ಅಲೆಗಳು ಮೊದಲು ಆ ದಂಡೆಗೆ ಬಡಿದು ಮುರಿಯುತ್ತವೆ, ಅದರಿಂದ ಕಿತ್ತ ಚೂರುಗಳನ್ನು ಪುಡಿಮಾಡಿ ಒಳಗೆ ತಂದು ರಾಶಿ ಹಾಕುತ್ತವೆ, ಮುಂದಿನ ಮುಂಗಾರಿನಲ್ಲಿ ಅದೇ ರಾಶಿಯ ಒಂದಷ್ಟನ್ನು ಕೊಂಡೊಯ್ಯುತ್ತವೆ. ಬರುವ ಮರಳು ಹೋಗುವ ಮರಳಿಗೆ ಸರಿಹೊಂದುವವರೆಗೆ ದ್ವೀಪ ಇರುತ್ತದೆ. ಆದ್ದರಿಂದ ಇವುಗಳನ್ನು ನೆಲವೆನ್ನುವುದಕ್ಕಿಂತ ಹವಳ ನಡೆಸುತ್ತಿರುವ ಜಮಾಖರ್ಚಿನ ಬಾಕಿ ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಕೆಳಗಿನ ಹಲವು ಉತ್ತರಗಳಿಗೆ ಈ ಒಂದು ಸಂಗತಿಯೇ ಆಧಾರ.

## ಹೋಗಿನೋಡಬೇಕೆನ್ನುವವರು ಕೇಳುವುದು

ದೋಣಿ ಮಾಡಿಕೊಂಡು ಹೋಗಿ ಒಂದು ರಾತ್ರಿ ಟೆಂಟು ಹಾಕಬಹುದಾ?

ಸಾಧ್ಯವಿಲ್ಲ. ಇದು ರಾಷ್ಟ್ರೀಯ ಉದ್ಯಾನವಾದ್ದರಿಂದ ಅನುಮತಿಯಿಲ್ಲದೆ ಯಾವ ದ್ವೀಪಕ್ಕೂ ಕಾಲಿಡುವಂತಿಲ್ಲ. ಮೀನುಗಾರರೊಬ್ಬರನ್ನು ಒಪ್ಪಿಸಿ ಹೋಗಿಬಿಡೋಣ ಎಂದು ಯೋಚಿಸುವವರು ಸಿಕ್ಕಿಬಿದ್ದರೆ ದೋಣಿ ಕಳೆದುಕೊಳ್ಳುವವನು ಆ ಮೀನುಗಾರ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಅಪವಾದವೆಂದರೆ ಕುರುಸಡೈ. ಪಂಬನ್‌ನ ದಕ್ಷಿಣಕ್ಕಿರುವ ಕುಂದುಕಾಲ್ ಕಡವಿನಿಂದ ಅರಣ್ಯ ಇಲಾಖೆಯೇ ಅಲ್ಲಿಗೆ ಪ್ರವಾಸಿಗರನ್ನು ಹಗಲಿನಲ್ಲಿ ದೋಣಿಯಲ್ಲಿ ಕರೆದೊಯ್ಯುವ ವ್ಯವಸ್ಥೆ ಮಾಡಿದೆ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ವಿವೇಕಾನಂದರು ಪಶ್ಚಿಮ ದೇಶಗಳ ಪ್ರವಾಸ ಮುಗಿಸಿ ಕೊಲಂಬೊ ಮಾರ್ಗವಾಗಿ 1897ರ ಜನವರಿ 26ರಂದು ಕಾಲಿಟ್ಟ ಜಾಗವೂ ಇದೇ ಕುಂದುಕಾಲ್. ದೋಣಿ ಸಿಗದಿದ್ದರೆ ಅಲ್ಲಿನ ಸ್ಮಾರಕವನ್ನು ನೋಡಿಕೊಂಡು ಬರಬಹುದು.

ದ್ವೀಪಕ್ಕೆ ಹೋಗದೇ ಹವಳವನ್ನು ಹತ್ತಿರದಿಂದ ನೋಡುವ ದಾರಿ ಇದೆಯಾ?

ಬದುಕಿರುವ ಹವಳವನ್ನು ನೋಡಲು ನೀರಿಗೇ ಹೋಗಬೇಕು. ಆದರೆ ಅದರ ಅಸ್ಥಿಯನ್ನು ಬೆರಳಿನಿಂದ ಮುಟ್ಟಿ ನೋಡುವ ಜಾಗವೊಂದಿದೆ. ಹೆಚ್ಚಿನ ಕನ್ನಡಿಗರು ಅದರ ಮುಂದೆ ಫೋಟೊ ತೆಗೆಸಿಕೊಂಡೂ ಗಮನಿಸಿರುವುದಿಲ್ಲ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಹಾಳಾದ ಧನುಷ್ಕೋಡಿಯ ಚರ್ಚಿನ ಗೋಡೆಗಳನ್ನು ಕಟ್ಟಿರುವುದು ಹವಳದ ಕಲ್ಲುಗಳಿಂದ. ಗಾರೆ ಉದುರಿದ ಕಡೆ ಹತ್ತಿರ ಹೋಗಿ ನೋಡಿದರೆ ಕೆಲವು ಕಲ್ಲುಗಳ ಮೇಲೆ ಜೇನುಹಲ್ಲೆಯಂತೆ ಒತ್ತೊತ್ತಾದ ಗುಳಿಗಳು, ಕೆಲವುಗಳ ಮೇಲೆ ಮಿದುಳಿನಂತೆ ಸುತ್ತಿಬಳಸಿದ ಗೆರೆಗಳು ಕಾಣುತ್ತವೆ. ಪ್ರತಿಯೊಂದು ಗುಳಿಯೂ ಒಂದೊಂದು ಪ್ರಾಣಿ ಕುಳಿತಿದ್ದ ಮನೆ. ಈ ಕರಾವಳಿಯಲ್ಲಿ ಒಂದು ಕಾಲಕ್ಕೆ ಮನೆಗೂ ಸುಣ್ಣಕ್ಕೂ ಕಲ್ಲು ಬಂದದ್ದು ಕಡಲಿನಿಂದಲೇ ಎಂಬುದಕ್ಕೆ ಆ ಗೋಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಾವು ಉಂಗುರದಲ್ಲಿ ಹಾಕಿಕೊಳ್ಳುವ ಹವಳ ಇಲ್ಲಿಂದ ಬರುವುದಾ?

ಅಲ್ಲ. ಕನ್ನಡದಲ್ಲಿ ಎರಡಕ್ಕೂ ಹವಳವೆಂದೇ ಹೇಳುವುದರಿಂದ ಈ ಗೊಂದಲ. ನವರತ್ನಗಳಲ್ಲಿ ಒಂದಾದ ಕೆಂಪು ಹವಳ ಬಹುಪಾಲು ಮೆಡಿಟರೇನಿಯನ್ ಸಮುದ್ರದ, ದಂಡೆ ಕಟ್ಟದ ಬೇರೊಂದು ಬಗೆಯ ಜೀವಿಯದು. ಮನ್ನಾರ್ ಕೊಲ್ಲಿಯಲ್ಲಿರುವುದು ದಂಡೆ ಕಟ್ಟುವ ಹವಳ. ಬದುಕಿದ್ದಾಗ ಕಂದು, ಹಸಿರು, ನಸುನೀಲಿ. ಸತ್ತು ತೊಳೆದಾಗ ಸುಣ್ಣದ ಬಿಳಿ. ಯಾರಾದರೂ ಬಿಳಿಯ ಕೊಂಬೆಯಂಥ ಹವಳವನ್ನು ಅಲಂಕಾರಕ್ಕೆಂದು ಮಾರಲು ಬಂದರೆ ಕೊಳ್ಳಬೇಡಿ. ದಂಡೆ ಕಟ್ಟುವ ಎಲ್ಲ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಆ ತುಂಡು ಹುಲಿಯ ಉಗುರಿಗೆ ಸಮ.

## ನೀರಿನೊಳಗಿನ ಬದುಕು

ಹವಳ ಕಲ್ಲಾ, ಗಿಡವಾ, ಪ್ರಾಣಿಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೂರು ಮಾತಿನಲ್ಲೂ ಸತ್ಯದ ಪಾಲಿದೆ. ಹವಳವನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಅದು ತನ್ನ ಕೆಳಗೆ ಸುಣ್ಣದ ಬಟ್ಟಲೊಂದನ್ನು ಸ್ರವಿಸಿಕೊಂಡು ಅದರಲ್ಲಿ ಕೂರುತ್ತದೆ, ನಾವು ಕಲ್ಲು ಎನ್ನುವುದು ಅದನ್ನು. ಅದರ ಮೈಯ ಜೀವಕೋಶಗಳೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ಬಿಡಾರ ಹೂಡಿ, ಬಿಸಿಲಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಮನೆಯೊಡೆಯನಿಗೇ ಕೊಡುತ್ತವೆ. ಹವಳದ ಬಣ್ಣವೂ ಬಹುಮಟ್ಟಿಗೆ ಆ ಪಾಚಿಯದೇ. ಗುಂಡುಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಕೊಂಬೆಯಂಥವು ಅದಕ್ಕಿಂತ ಬೇಗ ಬೆಳೆದು ಅಷ್ಟೇ ಬೇಗ ಮುರಿಯುತ್ತವೆ. ಈ ಕೊಲ್ಲಿಯಲ್ಲಿ 117 ಜಾತಿಯ ಗಟ್ಟಿ ಹವಳಗಳನ್ನು ಗುರುತಿಸಲಾಗಿದೆ.

ಕಡಲಹಸು ಅಲ್ಲಿದೆ ಅಂತಾರೆ. ಎಷ್ಟು ಸಲ ಹೋದರೂ ಕಂಡಿಲ್ಲ. ನಿಜವಾಗಿ ಇದೆಯಾ?

ಇದೆ, ಆದರೆ ಕಾಣದಿರುವುದೇ ಸಹಜ. ಸುಮಾರು ಮೂರು ಮೀಟರ್ ಉದ್ದ, ನಾನೂರು ಕಿಲೋ ತೂಗುವ ಈ ಸಸ್ತನಿ ಉಸಿರಿಗೆಂದು ಮೂಗಿನ ತುದಿಯನ್ನಷ್ಟೇ ಮೇಲೆತ್ತಿ ಮತ್ತೆ ಕೆಳಗಿಳಿದುಬಿಡುತ್ತದೆ. ಭಾರತದಲ್ಲಿ ಇದು ಉಳಿದಿರುವುದು ಮನ್ನಾರ್ ಮತ್ತು ಪಾಕ್ ಕೊಲ್ಲಿಗಳು, ಕಛ್ ಕೊಲ್ಲಿ ಮತ್ತು ಅಂಡಮಾನ್ ಸಮುದ್ರದಲ್ಲಿ ಮಾತ್ರ. ಎಲ್ಲ ಸೇರಿ ಕೆಲವೇ ನೂರು. ಹೆಣ್ಣು ಒಂದು ವರ್ಷಕ್ಕೂ ಹೆಚ್ಚು ಕಾಲ ಗರ್ಭ ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಮತ್ತೆ ಹಲವು ವರ್ಷ. ಹೀಗಾಗಿ ಬಲೆಗೆ ಸಿಕ್ಕಿ ಸಾಯುವ ಒಂದೊಂದು ಪ್ರಾಣಿಯೂ ದೊಡ್ಡ ನಷ್ಟ.

ಇದು ಮೇಯುವುದು ಕಡಲಹುಲ್ಲನ್ನು. ಕಡಲಹುಲ್ಲು ಬೇರು, ಎಲೆ, ಹೂವು ಇರುವ ನಿಜವಾದ ಸಸ್ಯ. ಕಡಲಪಾಚಿಯೊಂದಿಗೆ ಅದನ್ನು ಗೊಂದಲ ಮಾಡಿಕೊಳ್ಳಬಾರದು. ದ್ವೀಪಗಳಿಗೂ ದಡಕ್ಕೂ ನಡುವಿನ ತಿಳಿಯಾದ, ಆಳವಿಲ್ಲದ ನೀರಿನಲ್ಲಿ ಅದು ಹುಲುಸಾಗಿ ಬೆಳೆಯುವುದಕ್ಕೆ ಹೊರಗಿನ ಹವಳದ ದಂಡೆ ಅಲೆಯನ್ನು ತಡೆಯುವುದೂ ಒಂದು ಕಾರಣ.

ಪಿಯುಸಿ ಪುಸ್ತಕದ ಬಲನೋಗ್ಲಾಸಸ್ ಕುರುಸಡೈನಲ್ಲಿ ಸಿಗುತ್ತದಂತೆ, ಹೌದಾ?

ಹೌದು. ಬೆನ್ನೆಲುಬಿಲ್ಲದ ಪ್ರಾಣಿಗಳಿಗೂ ಬೆನ್ನೆಲುಬಿರುವವಕ್ಕೂ ನಡುವಿನ ನಂಟನ್ನು ತೋರಿಸಲು ಅಧ್ಯಾಪಕರು ಉದಾಹರಿಸುವ ಈ ಮೃದು ಹುಳು ಅಲ್ಲಿನ ಮರಳಿನಲ್ಲಿ ಬಿಲ ತೋಡಿಕೊಂಡಿರುತ್ತದೆ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1927ರಲ್ಲೇ ಕುರುಸಡೈ ದಡದ ಜೀವಿಗಳ ವಿವರವಾದ ಪಟ್ಟಿಯೊಂದನ್ನು ಪ್ರಕಟಿಸಿತ್ತು. ದಕ್ಷಿಣದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಮಂಡಪಂಗೆ ಬಸ್ಸು ಹತ್ತಲು ಇದೇ ಹಳೆಯ ಕಾರಣ. ಈಗ ಮಾದರಿಗಳನ್ನು ಶೀಷೆಯಲ್ಲಿ ತುಂಬಿಕೊಂಡು ಬರುವುದಕ್ಕೆ ಅವಕಾಶವಿಲ್ಲ, ಅದು ಒಳ್ಳೆಯದೇ ಆಯಿತು.

## ಕಾನೂನು ಮತ್ತು ಜನ

ರಾಷ್ಟ್ರೀಯ ಉದ್ಯಾನ, ಜೀವಗೋಳ ಮೀಸಲು, ರಾಮ್ಸರ್ ತಾಣ ಅಂತ ಇಷ್ಟೊಂದು ಹೆಸರು ಯಾಕೆ? ಗಡಿ ಯಾವುದು?

ಒಂದರೊಳಗೊಂದು ಇಟ್ಟ ಬಟ್ಟಲುಗಳಂತೆ ಭಾವಿಸಿದರೆ ಸುಲಭ. ಒಳಗಿನದು 1986ರಲ್ಲಿ ತಮಿಳುನಾಡು ಸರ್ಕಾರ ಘೋಷಿಸಿದ 560 ಚದರ ಕಿಲೋಮೀಟರಿನ ಸಾಗರ ರಾಷ್ಟ್ರೀಯ ಉದ್ಯಾನ. ದ್ವೀಪಗಳೂ ಅವುಗಳ ಸುತ್ತಲಿನ ಆಳವಿಲ್ಲದ ನೀರೂ ಇದರಲ್ಲಿ ಸೇರಿವೆ. ಕಡಲಿನಲ್ಲಿ ಬೇಲಿ ಹಾಕಲಾಗದ್ದರಿಂದ ಗಡಿಯನ್ನು ಆಳದಿಂದ ಹೇಳಲಾಗಿದೆ: ದಡದ ಕಡೆಗೆ ಮೂರೂವರೆ ಮಾರು, ಹೊರಗಡಲಿನ ಕಡೆಗೆ ಐದು ಮಾರು. ಹೊರಗಿನ ಬಟ್ಟಲು 1989ರ ಜೀವಗೋಳ ಮೀಸಲು, 10,500 ಚದರ ಕಿಲೋಮೀಟರ್. ಅದರಲ್ಲಿ ಮೀನುಗಾರಿಕೆ, ಹಡಗು, ಬಂದರು, ಊರು ಎಲ್ಲವೂ ನಿಯಮಗಳಿಗೆ ಒಳಪಟ್ಟು ನಡೆಯುತ್ತವೆ. ರಾಮ್ಸರ್ ಪಟ್ಟ 2022ರಲ್ಲಿ ಬಂದದ್ದು. ಅದು ಜೌಗುಭೂಮಿಗಳ ಅಂತರರಾಷ್ಟ್ರೀಯ ಮನ್ನಣೆ, ಹೊಸ ಬೇಲಿಯಲ್ಲ.

ಮೊದಲಿಂದ ಅಲ್ಲೇ ಹೊಟ್ಟೆಹೊರೆದುಕೊಳ್ಳುತ್ತಿದ್ದವರನ್ನು ಏಕಾಏಕಿ ಬರಬೇಡಿ ಎಂದರೆ ನ್ಯಾಯವೇ?

ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ಉದಾಹರಣೆಗೆ ಪಾಚಿ ಕೀಳುವ ಹೆಂಗಸರು. ರಾಮನಾಥಪುರ ಜಿಲ್ಲೆಯ ಕರಾವಳಿಯ ಹಳ್ಳಿಗಳ ಮಹಿಳೆಯರು ತಲೆಮಾರುಗಳಿಂದ ದ್ವೀಪಗಳ ಸುತ್ತಲಿನ ನೀರಿನಲ್ಲಿ ಮುಳುಗಿ, ಬಂಡೆಗೆ ಅಂಟಿದ ಕಡಲಪಾಚಿಯನ್ನು ಕೈಯಿಂದ ಕಿತ್ತು ಮಾರುತ್ತ ಬಂದವರು. ಆಕ್ಸಿಜನ್ ಸಿಲಿಂಡರ್ ಇಲ್ಲ. ಸೀರೆಯ ಮೇಲೊಂದು ಅಂಗಿ, ಕಣ್ಣಿಗೆ ಕನ್ನಡಕ, ಕಾಲಿಗೆ ರಬ್ಬರ್ ಚಪ್ಪಲಿ, ಸೊಂಟಕ್ಕೆ ಬಲೆಯ ಚೀಲ. ಬಂಡೆಯ ಚೂಪು ಅಂಚಿಗೆ ಬೆರಳು ಸೀಳದಿರಲೆಂದು ಒಂದೊಂದು ಬೆರಳಿಗೂ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಂಡಿರುತ್ತಾರೆ. ಆ ಪಾಚಿಯಿಂದ ಬರುವ ಅಗರ್ ಪ್ರಯೋಗಾಲಯದ ತಟ್ಟೆಗೂ ಮಿಠಾಯಿಗೂ ಹೋಗುತ್ತದೆ. ಉದ್ಯಾನದ ನಿಯಮಗಳು ಬಿಗಿಯಾದಾಗ ಈ ಹೆಂಗಸರು ತಮ್ಮದೇ ನೀರಿನಲ್ಲಿ ಅತಿಕ್ರಮಣಕಾರರಾದರು.

ಅವರು ಅದಕ್ಕೆ ಕೊಟ್ಟ ಉತ್ತರ ಗಮನಿಸುವಂಥದ್ದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುತ್ತಲಿನ ಕೆಲವೇ ದಿನಗಳು, ತಿಂಗಳಿಗೆ ಒಟ್ಟು 12 ದಿನ ಮಾತ್ರ ಕೀಳುವುದು, ಲೋಹದ ಸಲಕರಣೆ ಬಳಸದಿರುವುದು, ಬೇಸಿಗೆಯಲ್ಲಿ ಬಿಡುವು ಕೊಡುವುದು ಎಂದು ತಾವಾಗಿಯೇ ಕಟ್ಟುಪಾಡು ಮಾಡಿಕೊಂಡರು. ಟ್ರಾಲರ್‌ಗಳಿಗೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ 61 ದಿನಗಳ ನಿಷೇಧವನ್ನು ಸರ್ಕಾರ ಹೇರಬೇಕಾಯಿತು; ಇವರಿಗೆ ಯಾರೂ ಹೇರಲಿಲ್ಲ. ದ್ವೀಪಗಳಿಗೆ ಹೆಚ್ಚು ಹಾನಿ ಮಾಡಿದ್ದು ಈ ಕೈಗಳಲ್ಲ, ಹವಳವನ್ನು ದೋಣಿಗಟ್ಟಲೆ ಅಗೆದು ಸಾಗಿಸಿದ ವ್ಯಾಪಾರ. ಹಾಗೆಂದು ಕಡಲಸೌತೆ ಎಂಬ ಕಡಲತಳದ ಪ್ರಾಣಿಯ ಕಳ್ಳಸಾಗಣೆಯಂಥದ್ದನ್ನು ಬಡತನದ ಹೆಸರಿನಲ್ಲಿ ಮನ್ನಿಸಲೂ ಆಗದು, ಏಕೆಂದರೆ ಅದರ ಲಾಭ ಮುಳುಗಿ ತೆಗೆಯುವವನ ಕೈ ಸೇರುವುದು ತೀರ ಕಡಿಮೆ.

## ತುಸು ಕಠಿಣ ಪ್ರಶ್ನೆಗಳು

ಆ ಎರಡು ದ್ವೀಪ ಮುಳುಗಿದ್ದು ಸಮುದ್ರದ ಮಟ್ಟ ಏರಿದ್ದಕ್ಕೆ ತಾನೇ?

ಮುಖ್ಯ ಕಾರಣ ಅದಲ್ಲ. ಸಮುದ್ರದ ಮಟ್ಟ ಏರುತ್ತಿರುವುದು ನಿಜ, ಆದರೆ ಈ ದ್ವೀಪಗಳು ಕರಗಲು ತೊಡಗಿದ್ದು ಅವುಗಳ ಸುತ್ತಲಿನ ದಂಡೆಯನ್ನು ಮನುಷ್ಯರು ಅಗೆದದ್ದರಿಂದ. ದಶಕಗಳ ಕಾಲ ತೂತ್ತುಕುಡಿ ಕಡೆಯ ದಂಡೆಗಳಿಂದ ಹವಳದ ಕಲ್ಲನ್ನು ಸುಣ್ಣಕ್ಕೆ, ಕಟ್ಟಡಕ್ಕೆ, ಕಾರ್ಖಾನೆಗಳ ಕಚ್ಚಾಮಾಲಿಗೆ ದೋಣಿಗಳಲ್ಲಿ ಹೇರಿ ಒಯ್ದರು. ದಂಡೆ ತಗ್ಗಾದಷ್ಟೂ ಅಲೆ ಮುರಿಯದೆ ನೇರವಾಗಿ ದ್ವೀಪದ ಮರಳಿಗೆ ಬಡಿಯುತ್ತದೆ, ಒಯ್ಯುವ ಮರಳು ಹೆಚ್ಚಾಗುತ್ತದೆ. ದಂಡೆ ಸತ್ತಷ್ಟೂ ಹೊಸ ಚೂರು ಹುಟ್ಟುವುದಿಲ್ಲ, ತರುವ ಮರಳು ಕಡಿಮೆಯಾಗುತ್ತದೆ. ಜಮೆ ನಿಂತು ಖರ್ಚು ಹೆಚ್ಚಿದ ಮನೆಯ ಗತಿ.

ಅಗೆತ ನಿಜಕ್ಕೂ ನಿಂತದ್ದು 2004ರ ಸುನಾಮಿಯ ನಂತರ, ಕಾವಲು ಬಿಗಿಯಾಗಿ, ಹವಳದ ದಂಡೆ ದಡಕ್ಕೆ ಕೋಟೆಯಂತೆಂಬ ಮಾತು ಮೀನುಗಾರರ ಹಳ್ಳಿಗಳಲ್ಲಿ ಬೇರೂರಿದಾಗ. ಅಷ್ಟರಲ್ಲಿ ಹಾನಿ ಆಗಿಹೋಗಿತ್ತು. ತೂತ್ತುಕುಡಿ ಗುಂಪಿನ ವಾನ್ ದ್ವೀಪ 1986ರಲ್ಲಿ ಸುಮಾರು 16 ಹೆಕ್ಟೇರ್ ಇದ್ದದ್ದು 2014ರ ಹೊತ್ತಿಗೆ ಸುಮಾರು 2 ಹೆಕ್ಟೇರಿಗೆ ಇಳಿದಿತ್ತು. 1969ರಲ್ಲಿ 20 ಹೆಕ್ಟೇರಿನಷ್ಟಿದ್ದ ಕಾರಿಯಾಚಳ್ಳಿಯೂ ಅದೇ ದಾರಿಯಲ್ಲಿದೆ.

ಹವಳ ಬೆಳ್ಳಗಾಯಿತು ಅಂತ ಸುದ್ದಿ ಬರುತ್ತದೆ. ಬೆಳ್ಳಗಾದರೆ ಸತ್ತಿತು ಅಂತಲಾ?

ಕೂಡಲೇ ಅಲ್ಲ. ನೀರಿನ ಉಷ್ಣತೆ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಮೇಲೇರಿ ವಾರಗಟ್ಟಲೆ ನಿಂತರೆ ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ, ಪಾರದರ್ಶಕವಾದ ಮೈಯ ಮೂಲಕ ಕೆಳಗಿನ ಸುಣ್ಣ ಕಾಣಿಸುತ್ತದೆ. ಆಗ ಅದು ಬದುಕಿದೆ, ಆದರೆ ಉಪವಾಸವಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರಿಕೊಂಡು ಹವಳ ಚೇತರಿಸಿಕೊಳ್ಳುತ್ತದೆ, ತಣಿಯದಿದ್ದರೆ ಸಾಯುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ಇದು 1998, 2010 ಮತ್ತು 2016ರಲ್ಲಿ ತೀವ್ರವಾಗಿತ್ತು. 2016ರಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಶೇಕಡ 39ರಿಂದ 23ಕ್ಕೆ ಕುಸಿಯಿತು. ಕೊಂಬೆಯಂಥ ಹವಳಗಳು ಹೆಚ್ಚು ಸತ್ತವು, ಗುಂಡುಬಂಡೆಯಂಥವು ತಾಳಿಕೊಂಡವು. ಅಗೆತವನ್ನು ಕಾವಲುಗಾರರಿಂದ ನಿಲ್ಲಿಸಬಹುದು, ಬಿಸಿನೀರಿಗೆ ಉದ್ಯಾನದ ಗಡಿ ಗೊತ್ತಿಲ್ಲ.

ಪಾಚಿ ಬೆಳೆಸಿದರೆ ಹೆಂಗಸರಿಗೆ ಆದಾಯ, ಹವಳಕ್ಕೂ ತೊಂದರೆ ಇಲ್ಲ. ಅದನ್ನೇಕೆ ವಿರೋಧಿಸುತ್ತಾರೆ?

ಎಲ್ಲ ಪಾಚಿಗೂ ವಿರೋಧವಿಲ್ಲ. ತಕರಾರು ಕಪ್ಪಾಫೈಕಸ್ ಎಂಬ ಹೊರನಾಡಿನ ಜಾತಿಯ ಬಗ್ಗೆ. ಐಸ್‌ಕ್ರೀಂ, ಟೂತ್‌ಪೇಸ್ಟುಗಳನ್ನು ಗಟ್ಟಿಮಾಡುವ ಪದಾರ್ಥ ಇದರಿಂದ ಸಿಗುತ್ತದೆ. 1990ರ ದಶಕದಲ್ಲಿ ಮಂಡಪಂ ಕಡಲಿಗೆ ಬಂದ ಇದನ್ನು ಬಿದಿರಿನ ತೆಪ್ಪಗಳಿಗೆ ಕಟ್ಟಿ ಸ್ವಸಹಾಯ ಸಂಘಗಳು ಬೆಳೆಸಿದವು, ಕೈಗೆ ಕಾಸೂ ಬಂತು. ಆದರೆ 2008ರ ಹೊತ್ತಿಗೆ ಕುರುಸಡೈನ ಹವಳದ ಮೇಲೆ ಇದು ಕಾಡಾಗಿ ಹಬ್ಬಿರುವುದು ವರದಿಯಾಯಿತು. ದಪ್ಪ ಚಾಪೆಯಂತೆ ಹೊದ್ದು ಬಿಸಿಲು ತಪ್ಪಿಸುವುದರಿಂದ ಕೆಳಗಿನ ಹವಳ ಉಸಿರುಕಟ್ಟಿ ಸಾಯುತ್ತದೆ. ದಡದ ಮೇಲೆ ಬಳ್ಳಾರಿ ಜಾಲಿ ಮಾಡಿದ್ದನ್ನು ನೋಡಿದವರಿಗೆ ಈ ಕಥೆ ಹೊಸದಲ್ಲ. ಕೈಯಿಂದ ಕಿತ್ತು ತೆಗೆಯುವ ಪ್ರಯತ್ನ ನಡೆದಿದೆ, ಆದರೆ ಬಿರುಕಿನಲ್ಲಿ ಉಳಿದ ಬೆರಳುದ್ದದ ತುಂಡೇ ಮತ್ತೆ ಚಿಗುರಲು ಸಾಕು.

ಕಾಂಕ್ರೀಟ್ ಹಾಕಿ ದ್ವೀಪ ಉಳಿಸುತ್ತಾರಂತೆ. ಸಮುದ್ರದಲ್ಲಿ ಗೋಡೆ ಕಟ್ಟುವುದಾ?

ಗೋಡೆಯಲ್ಲ. ವಾನ್ ದ್ವೀಪದ ಹೊರಮೈಯಲ್ಲಿ, ಹಳೆಯ ದಂಡೆ ಇರಬೇಕಾಗಿದ್ದ ಕಡೆ, ತೂತುಗಳಿರುವ ದೊಡ್ಡ ಕಾಂಕ್ರೀಟ್ ಅಚ್ಚುಗಳನ್ನು ಸಾಲುಸಾಲಾಗಿ ನೀರಿನಡಿ ಇಳಿಸಲಾಯಿತು. ತಡೆಗೋಡೆ ಅಲೆಯನ್ನು ಪೂರ್ತಿ ತಡೆದು ಪಕ್ಕದಲ್ಲಿ ಕೊರೆತ ಹೆಚ್ಚಿಸುತ್ತದೆ. ಈ ಅಚ್ಚುಗಳು ತೂತುಗಳ ಮೂಲಕ ನೀರನ್ನು ಬಿಟ್ಟು ಅಲೆಯ ಬಲವನ್ನಷ್ಟೇ ಕುಗ್ಗಿಸುತ್ತವೆ, ಆದ್ದರಿಂದ ತೇಲುವ ಮರಳು ಹಿಂದಿನ ತಿಳಿನೀರಿನಲ್ಲಿ ಕೆಳಗೆ ಕೂರುತ್ತದೆ. ಆ ಬಳಿಕ ವಾನ್ ಕರಗುವುದು ನಿಂತು ಸ್ವಲ್ಪ ಮೈ ತುಂಬಿಕೊಂಡಿದೆ. ಅದೇ ಕ್ರಮವನ್ನು ಕಾರಿಯಾಚಳ್ಳಿಗೂ ತಮಿಳುನಾಡು ಸರ್ಕಾರ ಕೈಗೆತ್ತಿಕೊಂಡಿದೆ.

ನನಗೆ ಇದರಲ್ಲಿ ಹಿಡಿಸಿದ ಸಂಗತಿ ಬೇರೆ. ನೀರಿನಲ್ಲಿ ತೇಲುವ ಹವಳದ ಮರಿಗಳು ಕೂರಲು ಗಟ್ಟಿ ನೆಲ ಹುಡುಕುತ್ತಿರುತ್ತವೆ, ಮತ್ತು ಅವುಗಳಿಗೆ ಸಿಮೆಂಟಿನ ಬಗ್ಗೆ ತಕರಾರಿಲ್ಲ. ಇಳಿಸಿದ ಅಚ್ಚುಗಳ ಮೈಮೇಲೆ ಈಗ ಹವಳ ಬೆಳೆಯುತ್ತಿದೆ, ತೂತುಗಳಲ್ಲಿ ಮೀನುಗಳು ವಾಸಿಸುತ್ತಿವೆ.